ನಿಷೇಧ ಇಲ್ಲ ಅಂದ ಮಾತ್ರಕ್ಕೆ ನುಂಗಬಹುದಾ?

ಆಟಗಾರರು, ಔಷಧ ಅಂದ ತಕ್ಷಣ ನಮಗೆ ಹೊಳೆಯುವುದು ಡೋಪಿಂಗ್. ಆದರೆ ದೂರ ಓಡುವವರು ತುಂಬಾ ನೆಚ್ಚಿಕೊಂಡಿರುವ ಒಂದು ಮಾತ್ರೆ ನಿಷೇಧದ ಪಟ್ಟಿಯಲ್ಲೇ ಇಲ್ಲ. ಅದು ನೋವಿನ ಮಾತ್ರೆ ಐಬುಪ್ರೊಫೆನ್. ನೋವು ಬಂದ ಮೇಲಲ್ಲ, ಬರದಿರಲಿ ಅಂತ ಓಟಕ್ಕೆ ಮುಂಚೆಯೇ ಸುಮ್ನೆ ಒಂದು ನುಂಗುವವರಿದ್ದಾರೆ.

ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ದೇಹದಲ್ಲಿ ತಯಾರಾಗದಂತೆ ಈ ಮಾತ್ರೆ ತಡೆಯುತ್ತದೆ. ನೋವು, ಊತಗಳಲ್ಲಿ ಅವುಗಳ ಕೈವಾಡ ಇದೆ, ನಿಜ. ಆದರೆ ಹೊಟ್ಟೆಯ ಒಳಪದರವನ್ನು ಕಾಯುವುದೂ ಅವೇ. ಮೂತ್ರಪಿಂಡದ ವಿಷಯ ಇನ್ನೂ ಸೂಕ್ಷ್ಮ. ಸುಮ್ಮನೆ ಕೂತಿದ್ದಾಗ ಹೃದಯ ಪಂಪ್ ಮಾಡುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು ಅಲ್ಲಿಗೆ ಹೋಗುತ್ತದೆ. ಓಡತೊಡಗಿದರೆ ಸ್ನಾಯು ಮತ್ತು ಚರ್ಮಕ್ಕೆ ರಕ್ತ ಜಾಸ್ತಿ ಬೇಕು, ಮೂತ್ರಪಿಂಡದ ಪಾಲಿಗೆ ಕತ್ತರಿ ಬೀಳುತ್ತದೆ. ಬೆವರು ಹರಿದಷ್ಟೂ ಅದು ಇನ್ನೂ ಕಡಿಮೆ. ಇಂಥ ಹೊತ್ತಲ್ಲಿ ಮೂತ್ರಪಿಂಡದ ರಕ್ತನಾಳ ತೀರಾ ಬಿಗಿದುಕೊಳ್ಳದಂತೆ ನೋಡಿಕೊಳ್ಳುವುದು ಇದೇ ಪ್ರೊಸ್ಟಗ್ಲಾಂಡಿನ್. ಮಾತ್ರೆ ಕಿತ್ತುಕೊಳ್ಳುವುದು ಆ ಆಸರೆಯನ್ನೇ.

2017ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಸುಮಾರು 80 ಕಿ.ಮೀ. ಓಟದಲ್ಲಿ ಕೆಲವರಿಗೆ ನಾಲ್ಕು ಗಂಟೆಗೊಮ್ಮೆ 400 ಮಿಲಿಗ್ರಾಂ ಐಬುಪ್ರೊಫೆನ್, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಕೊನೆಗೆ ರಕ್ತ ಪರೀಕ್ಷೆ ಮಾಡಿದಾಗ ಐಬುಪ್ರೊಫೆನ್ ನುಂಗಿದವರಲ್ಲಿ 52%, ಉಳಿದವರಲ್ಲಿ 34% ಮಂದಿಯ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು. ನೂರು ಜನರೂ ಇರದ ಅಧ್ಯಯನ, ಇದೊಂದನ್ನೇ ನಂಬಿ ತೀರ್ಪು ಕೊಡಲಾಗದು. ಆದರೆ ನನಗೆ ಹೆಚ್ಚು ದಿಗಿಲು ಹುಟ್ಟಿಸುವುದು ಎರಡನೇ ಅಂಕಿ. ಬರೀ ಓಟವೇ ಮೂರರಲ್ಲಿ ಒಬ್ಬರ ಮೂತ್ರಪಿಂಡವನ್ನು ಅಷ್ಟು ದಣಿಸಿದ್ದರೆ, ಅದರ ಮೇಲೆ ಮಾತ್ರೆಯ ಭಾರ ಬೇರೆ ಯಾಕೆ, ಅಲ್ವಾ?

ಆಂಟಿಬಯೋಟಿಕ್ ವಿಷಯದಲ್ಲೂ ಎಚ್ಚರ ಬೇಕು. ಸಿಪ್ರೊಫ್ಲೊಕ್ಸಾಸಿನ್ ಗುಂಪಿನ ಔಷಧಗಳಿಂದ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ, ಹರಿಯುವುದುಂಟು. ಅಪರೂಪ, ಆದರೆ ಓಡುವವರಿಗೆ ಆ ಹುರಿಯಿಲ್ಲದೆ ಗತಿಯಿಲ್ಲ. ಸೋಂಕಿಗೆ ಬೇರೆ ಮದ್ದು ಆಗುತ್ತದಾ ಅಂತ ಡಾಕ್ಟರ್ ಹತ್ತಿರ ಕೇಳಲೇಬೇಕು.

ಇನ್ನು ನಿಷೇಧದ ಮಾತು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ರೊಮೇನಿಯಾದ 16 ವರ್ಷದ ಜಿಮ್ನಾಸ್ಟ್ ಆಂಡ್ರಿಯಾ ರಡುಕಾನ್ ಚಿನ್ನ ಗೆದ್ದು ಕಳೆದುಕೊಂಡಳು. ಕಾರಣ, ಶೀತಕ್ಕೆ ತಂಡದ ಡಾಕ್ಟರೇ ಕೊಟ್ಟ ಮಾತ್ರೆಯಲ್ಲಿದ್ದ, ಆಗ ನಿಷೇಧದ ಪಟ್ಟಿಯಲ್ಲಿದ್ದ ಸ್ಯೂಡೋಎಫೆಡ್ರಿನ್. ಯಾರು ಕೊಟ್ಟರು, ಯಾಕೆ ಕೊಟ್ಟರು ಅನ್ನುವುದು ಪದಕ ಉಳಿಸಲಿಲ್ಲ. ದೇಹದೊಳಗೆ ಸಿಕ್ಕಿದ್ದಕ್ಕೆ ಆಟಗಾರರೇ ಹೊಣೆ ಅನ್ನುವುದು ಈಗಲೂ ನಿಯಮ.

ಹಾಗಂತ ಹೆದರಿ ಬೇಕಾದ ಔಷಧ ಬಿಡುವುದು ಇನ್ನೂ ಅಪಾಯ. ಆಸ್ತಮಾ ಇರುವವರು ಸಾಲ್ಬುಟಮಾಲ್ ಇನ್‌ಹೇಲರನ್ನು ಮಿತಿಯೊಳಗೆ ಬಳಸಲು ಅಡ್ಡಿಯಿಲ್ಲ. ನಿಷೇಧಿತ ಔಷಧವೇ ಬೇಕಾದ ಕಾಯಿಲೆಗಳಿದ್ದರೆ, ವೈದ್ಯಕೀಯ ದಾಖಲೆ ಕೊಟ್ಟು ವಿನಾಯಿತಿ ಕೇಳಬಹುದು, ಸಾಮಾನ್ಯವಾಗಿ ಮಾತ್ರೆ ಶುರುಮಾಡುವ ಮುಂಚೆಯೇ.