ಗಾಜಿನ ತೊಟ್ಟಿಯಲ್ಲೊಂದು ಮಳೆಗಾಲ

ಬೆಳಿಗ್ಗೆ ಲೈಟ್ ಹಾಕಿ ನೋಡಿದರೆ ಅಕ್ವೇರಿಯಂ ಗಾಜಿಗೆ ಸಾಸಿವೆ ಗಾತ್ರದ ನಸುಹಳದಿ ಮಣಿಗಳು ಅಂಟಿಕೊಂಡಿದ್ದವು. ತೊಟ್ಟಿಯ ತಳದಲ್ಲಿ ಓಡಾಡುವ ಮೀಸೆಯ ಪುಟ್ಟ ಮೀನು, ಕೋರಿ ಕ್ಯಾಟ್‌ಫಿಶ್‌ನ ಮೊಟ್ಟೆ! ಹಿಂದಿನ ದಿನ ನೀರು ಬದಲಿಸಿದ್ದೆ. ಸ್ವಲ್ಪ ಬಿಸಿನೀರು ಬೆರೆಸಿ ಹದ ಮಾಡಬೇಕಿತ್ತು, ಸೋಮಾರಿತನದಿಂದ ಡ್ರಮ್ಮಿನಲ್ಲಿದ್ದ ತಣ್ಣೀರನ್ನೇ ಸುರಿದುಬಿಟ್ಟಿದ್ದೆ. ಆ ಸೋಮಾರಿತನವೇ ಕೆಲಸ ಮಾಡಿತ್ತು.

ಕೋರಿಗಳ ತವರು ದಕ್ಷಿಣ ಅಮೆರಿಕ. ಅಲ್ಲಿ ಮಳೆ ಶುರುವಾದರೆ ಹೊಳೆಗೆ ತಣ್ಣನೆಯ ಹೊಸ ನೀರು ಬರುತ್ತದೆ, ಮರಿಗಳಿಗೆ ತಿನ್ನಲು ಹುಳುಹುಪ್ಪಟೆಯೂ ಜಾಸ್ತಿ. ಹಾಗಾಗಿ ನೀರು ಮೂರ್ನಾಲ್ಕು ಡಿಗ್ರಿ ತಣ್ಣಗಾದರೆ ಸಾಕು, ಮಳೆಗಾಲ ಬಂತು ಅಂತ ಅವುಗಳ ಮೈಗೆ ಗೊತ್ತಾಗುತ್ತದೆ. ಇವುಗಳಲ್ಲಿ ಚುಕ್ಕೆಯ ಕೋರಿಗೆ ದೊಡ್ಡ ಇತಿಹಾಸವೇ ಇದೆ. ಬೀಗಲ್ ಹಡಗಿನಲ್ಲಿ ಹೋದ ಡಾರ್ವಿನ್ ಹಿಡಿದು ತಂದ ಮೀನಿಗೆ ಇಂಗ್ಲೆಂಡಿನ ಪ್ರಕೃತಿ ವಿಜ್ಞಾನಿ ಜೆನಿನ್ಸ್ 1842ರಲ್ಲಿ ಹೆಸರಿಟ್ಟರು.

ಆದರೆ ಎಷ್ಟು ತಣ್ಣೀರು ಸುರಿದರೂ ಮರಿಮೀನು ಮೊಟ್ಟೆ ಇಡುವುದಿಲ್ಲ, ಅಲ್ವಾ? ಅಂಗಡಿಯವರು 'ಕ್ಲೀನರ್' ಎಂದು ಕೊಡುವ ಪುಟ್ಟ ಕೋರಿಗಳು ಸಾಮಾನ್ಯವಾಗಿ ಇನ್ನೂ ಮರಿಗಳೇ. ಪ್ರಾಯಕ್ಕೆ ಬರಲು ಎಂಟು ತಿಂಗಳಿಂದ ಒಂದು ವರ್ಷ ಬೇಕು. ಗಂಡು ಹೆಣ್ಣು ತಿಳಿಯಲು ಪಕ್ಕದಿಂದ ನೋಡಿ ಪ್ರಯೋಜನವಿಲ್ಲ, ಮೇಲಿಂದ ನೋಡಬೇಕು. ಹೆಣ್ಣು ಅಗಲ, ಹೊಟ್ಟೆ ಎರಡೂ ಕಡೆ ಉಬ್ಬಿರುತ್ತದೆ. ಗಂಡು ಸಣಕಲು. ಒಂದು ಹೆಣ್ಣಿಗೆ ಎರಡು ಗಂಡು ಇದ್ದರೆ ಒಳ್ಳೆಯದು. ಅಕ್ವೇರಿಯಂನ ಇನ್ನೊಂದು ಕ್ಯಾಟ್‌ಫಿಶ್ ಬ್ರಿಸಲ್‌ನೋಸ್ ಪ್ಲೆಕೊದಲ್ಲಿ ಇಷ್ಟು ಕಷ್ಟವಿಲ್ಲ: ಪ್ರಾಯದ ಗಂಡಿನ ಮೂತಿ ತುಂಬ ಕವಲೊಡೆದ ಮುಳ್ಳು ಮೀಸೆ.

ಇನ್ನು ಕೋರಿಗಳ ಮಿಲನ. ಗಂಡು ಅಡ್ಡ ನಿಲ್ಲುತ್ತದೆ, ಹೆಣ್ಣು ಬಂದು ಅದರ ಹೊಟ್ಟೆಗೆ ಬಾಯಿ ಹಚ್ಚುತ್ತದೆ. ಮೇಲಿಂದ ಇಂಗ್ಲಿಷಿನ ಟಿ ಅಕ್ಷರದ ಹಾಗೆ ಕಾಣುತ್ತದೆ. ಅಷ್ಟರಲ್ಲೇ ಹೆಣ್ಣು ಹೊಟ್ಟೆಯಡಿಯ ರೆಕ್ಕೆಗಳನ್ನು ಬೊಗಸೆಯಂತೆ ಜೋಡಿಸಿ ಕೆಲವು ಮೊಟ್ಟೆ ಹಿಡಿದುಕೊಳ್ಳುತ್ತದೆ. ಹಾಗಾದರೆ ವೀರ್ಯ ಅಲ್ಲಿಗೆ ತಲುಪುವುದು ಹೇಗೆ? ಜಪಾನಿನ ಸಂಶೋಧಕರು ಕಂಚಿನ ಬಣ್ಣದ ಕೋರಿಯಲ್ಲಿ ಇದನ್ನು ನೋಡಿ 1995ರಲ್ಲಿ ಪ್ರಕಟಿಸಿದರು. ಹೆಣ್ಣಿನ ಬಾಯಿಯ ಹತ್ತಿರ ನೀಲಿ ಬಣ್ಣ ಬಿಟ್ಟರೆ ಕೆಲವೇ ಸೆಕೆಂಡುಗಳಲ್ಲಿ ಅದು ಹಿಂದಿನಿಂದ ಹೊರಬಂತು! ಹೆಣ್ಣು ವೀರ್ಯವನ್ನು ಕುಡಿಯುತ್ತದೆ. ಅದು ಕರುಳಿನಲ್ಲಿ ಸಾಗಿ ನೇರ ಬೊಗಸೆಯ ಮೊಟ್ಟೆಗಳ ಮೇಲೆ ಬೀಳುತ್ತದೆ. ಕರುಳಿನಲ್ಲಿ ಜೀರ್ಣವಾಗದೆ ಉಳಿಯುತ್ತದಲ್ಲ, ಅದೇ ಸೋಜಿಗ. ಕೋರಿಯ ಕರುಳು ಮೊದಲೇ ವಿಚಿತ್ರ. ಆಗಾಗ ಮೇಲಕ್ಕೆ ಚಿಮ್ಮಿ ಗಾಳಿ ನುಂಗುವುದನ್ನು ನೀವು ನೋಡಿರಬಹುದು. ಆ ಗಾಳಿಯಿಂದ ಆಮ್ಲಜನಕ ಹೀರುವುದೂ ಇದೇ ಕರುಳು.

ಆಮೇಲೆ ಹೆಣ್ಣು ಗಾಜನ್ನೋ ಎಲೆಯನ್ನೋ ಮೂತಿಯಿಂದ ಉಜ್ಜಿ ಮೊಟ್ಟೆಗಳನ್ನು ಅಂಟಿಸುತ್ತದೆ. ಅಲ್ಲಿಗೆ ತಾಯ್ತನ ಮುಗಿಯಿತು. ಹಸಿವಾದರೆ ತಾನೇ ತಿನ್ನುತ್ತದೆ. ನನಗಿದು ಗೊತ್ತಿರಲಿಲ್ಲ. ಸಂಜೆ ಬಂದು ನೋಡಿದರೆ ಅರ್ಧ ಮೊಟ್ಟೆ ಮಾಯ. ಗಂಡು ಪ್ಲೆಕೊ ಹಾಗಲ್ಲ, ಗುಹೆಯೊಳಗೆ ಕೂತು ರೆಕ್ಕೆ ಬೀಸುತ್ತಾ ಮೊಟ್ಟೆ ಕಾಯುತ್ತದೆ.

ಉಳಿದವನ್ನು ಹಳೆಯ ಎಟಿಎಂ ಕಾರ್ಡಿನಿಂದ ಮೆಲ್ಲಗೆ ಎಬ್ಬಿಸಿ, ಅದೇ ತೊಟ್ಟಿಯ ನೀರು ತುಂಬಿದ ಡಬ್ಬಿಗೆ ಹಾಕಿದೆ. ಗಾಳಿ ಗುಳ್ಳೆಗೆ ಒಂದು ಪೈಪು. ಎರಡನೇ ದಿನ ಕೆಲವು ಬೆಳ್ಳಗೆ ಹತ್ತಿಯಂತಾದವು: ಬೂಷ್ಟು. ಅವನ್ನು ತೆಗೆಯದಿದ್ದರೆ ಪಕ್ಕದವಕ್ಕೂ ಹರಡುತ್ತದೆ. ಅದಕ್ಕೇ ಸಾಕುವವರು ಬೂಷ್ಟು ತಡೆಯುವ ನೀಲಿ ದ್ರಾವಣ ಮೆಥಿಲೀನ್ ಬ್ಲೂ ಒಂದೆರಡು ಹನಿ ಹಾಕುತ್ತಾರೆ, ಇಲ್ಲವೇ ಒಣಗಿದ ಕಾಡುಬಾದಾಮಿ ಎಲೆ.

ನಾಲ್ಕನೇ ದಿನ ಬಾಲ ಅಲ್ಲಾಡಿತು. ಮೊದಲೆರಡು ದಿನ ಹೊಟ್ಟೆಗೆ ಅಂಟಿದ ಮೊಟ್ಟೆಯ ಭಂಡಾರದ ಚೀಲವೇ ಊಟ, ಆಮೇಲೆ ಮೊಟ್ಟೆಯಿಂದ ಆಗತಾನೇ ಹೊರಬಂದ ಆರ್ಟೀಮಿಯಾ ಎಂಬ ಉಪ್ಪುನೀರಿನ ಸಣ್ಣ ಸಿಗಡಿಯ ಮರಿ. ಈಗ ಡಬ್ಬಿಯ ತಳದಲ್ಲಿ ಹನ್ನೊಂದು ಮರಿ, ಕೂದಲೆಳೆಯಂಥ ಮೀಸೆ ಆಡಿಸುತ್ತಾ ಓಡಾಡುತ್ತಿವೆ. ಇವು ಪ್ರಾಯಕ್ಕೆ ಬರಲು ಇನ್ನೊಂದು ವರ್ಷ. ಅಲ್ಲಿಯವರೆಗೆ ಬಿಸಿನೀರು ಬೆರೆಸಿಯೇ ಹಾಕಬೇಕು.