ತುರ್ತು ಸೇವೆಯ ಧಾರಾವಾಹಿಗಳು ಯಾಕೆ ಇಷ್ಟ ಆಗುತ್ತವೆ?

ನಮ್ಮ ದಾವಣಗೆರೆ ಕಡೆ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ ಮೊದಲ ಫೋನ್ ಹೋಗುವುದು ಕಾರು ಇರುವ ಸಂಬಂಧಿಕರಿಗೆ. ಎರಡನೆಯದು "ಆಸ್ಪತ್ರೆಯಲ್ಲಿ ಯಾರಾದ್ರೂ ಪರಿಚಯ ಇದಾರಾ?" ಎಂದು ಕೇಳಲಿಕ್ಕೆ. 108 ನೆನಪಾಗುವುದು ಆಮೇಲೆ. ತುರ್ತು ಚಿಕಿತ್ಸಾ ವಿಭಾಗದ ವೈದ್ಯನಾಗಿ ಇದನ್ನು ನೋಡುತ್ತಲೇ ಇದ್ದೇನೆ. ಆಂಬ್ಯುಲೆನ್ಸ್, ಫೈರ್ ಎಂಜಿನ್ ಸಿಬ್ಬಂದಿಯ ಧಾರಾವಾಹಿಗಳು ಜನರಿಗೆ ಯಾಕೆ ಅಷ್ಟು ಹಿಡಿಸುತ್ತವೆ ಎಂಬುದಕ್ಕೆ ಉತ್ತರವೂ ಇಲ್ಲೇ ಇದೆ ಅನಿಸುತ್ತದೆ. ಅಲ್ಲಿ ನೆಲಕ್ಕೆ ಬಿದ್ದವರಿಗೆ ಯಾರ ಪರಿಚಯವೂ ಬೇಕಿಲ್ಲ. ಮುಖ ನೋಡಿ ಗೊತ್ತಿಲ್ಲದವರು ಓಡಿ ಬರುತ್ತಾರೆ. ದುಡ್ಡು, ಜಾತಿ, ವಶೀಲಿ ಏನನ್ನೂ ಕೇಳದೆ ಕೆಲಸ ಶುರು ಮಾಡುತ್ತಾರೆ. ಇಂಥದ್ದು ನಮಗೂ ಸಿಗಲಿ ಎಂಬ ಆಸೆ ಸಣ್ಣದಲ್ಲ.

ಆ ಆಸೆ ಊರುಗಳನ್ನೇ ಬದಲಾಯಿಸಿದ್ದೂ ಉಂಟು. 1972ರಲ್ಲಿ ಅಮೆರಿಕದಲ್ಲಿ 'ಎಮರ್ಜೆನ್ಸಿ!' ಎಂಬ ಧಾರಾವಾಹಿ ಶುರುವಾಯಿತು. ಲಾಸ್ ಏಂಜಲಿಸ್ ಕೌಂಟಿಯ ಅಗ್ನಿಶಾಮಕ ದಳದಲ್ಲಿದ್ದು, ಸ್ಥಳದಲ್ಲೇ ತುರ್ತು ಚಿಕಿತ್ಸೆ ಕೊಡುವ ಇಬ್ಬರು ಪ್ಯಾರಾಮೆಡಿಕ್‌ಗಳ ಕಥೆ. ರಸ್ತೆಯಲ್ಲಿ ರೋಗಿಯ ಪಕ್ಕ ಮಂಡಿಯೂರಿ ಕೂತು, ಆಸ್ಪತ್ರೆಯ ಡಾಕ್ಟರ ಜೊತೆ ಮಾತಾಡುತ್ತಲೇ ಡ್ರಿಪ್ ಹಾಕುತ್ತಿದ್ದರು. ಆಗ ಅಲ್ಲಿನ ಬಹಳಷ್ಟು ಊರುಗಳಲ್ಲಿ ಈ ಸೇವೆಯೇ ಇರಲಿಲ್ಲ. ನೋಡಿದ ಜನ "ನಮಗೂ ಬೇಕು" ಎಂದು ಕೇಳತೊಡಗಿದರು. ನಮ್ಮ ರಾಜ್ಯಕ್ಕೆ 108 ಬಂದದ್ದು 2008ರಲ್ಲಿ.

ಈ ಧಾರಾವಾಹಿಗಳು ತಪ್ಪು ಕಲಿಸುವುದೂ ಇದೆ. ಮಾನಿಟರ್ ಮೇಲೆ ಗೆರೆ ನೇರವಾದ ಕೂಡಲೇ ರೋಗಿಯ ಕಡೆಯವರು "ಸಾರ್, ಶಾಕ್ ಕೊಡ್ರಿ" ಅನ್ನುತ್ತಾರೆ. ಹೃದಯ ತಾಳ ತಪ್ಪಿ ಸುಮ್ನೆ ಅದುರುತ್ತಿದ್ದರೆ ಶಾಕ್ ಕೆಲಸ ಮಾಡುತ್ತದೆ. ಗೆರೆ ಪೂರ್ತಿ ನೇರವಾದರೆ ಅದರಿಂದ ಉಪಯೋಗವಿಲ್ಲ. ಎದೆ ಒತ್ತಬೇಕು, ಅಡ್ರಿನಲಿನ್ ಕೊಡಬೇಕು, ಕಾರಣ ಹುಡುಕಬೇಕು. ಶಾಕ್ ಕೊಡಲಿಲ್ಲ ಎಂದು ಸಿಟ್ಟಾದವರಿಗೆ ಇದನ್ನು ಹೇಳುವುದು ಕಷ್ಟ. ಅಮೆರಿಕದ ಮೂರು ಟಿ.ವಿ. ಕಾರ್ಯಕ್ರಮಗಳನ್ನು ನೋಡಿ 1996ರಲ್ಲಿ ಸಂಶೋಧಕರು ಲೆಕ್ಕ ಹಾಕಿದರು. ಎದೆ ಒತ್ತಿಸಿಕೊಂಡವರಲ್ಲಿ ಶೇ. 75ರಷ್ಟು ಜನ ಆ ಕ್ಷಣಕ್ಕೆ ಬದುಕಿಕೊಳ್ಳುತ್ತಿದ್ದರು! ವಾಸ್ತವದಲ್ಲಿ ಬದುಕುವವರು ತುಂಬಾ ಕಡಿಮೆ.

ನನಗೆ ಜಾಸ್ತಿ ಹಿಡಿಸಿದ್ದು 2018ರಲ್ಲಿ ಬಂದ ಅಮೆರಿಕದ ಧಾರಾವಾಹಿ 'ನೈನ್ ಒನ್ ಒನ್'. ನಮಗೆ 108 ಇದ್ದ ಹಾಗೆ ಅಲ್ಲಿನ ತುರ್ತು ಫೋನ್ ಸಂಖ್ಯೆ ಅದು. ಯಾಕಂದ್ರೆ ಅಲ್ಲಿ ಫೋನ್ ಎತ್ತುವವರಿಗೂ ದೊಡ್ಡ ಪಾತ್ರ ಇದೆ. ಆಂಬ್ಯುಲೆನ್ಸ್ ಬೇಗ ತಲುಪುವುದು ಮೊದಲು ಆ ಮಾತಿನ ಮೇಲೆ ನಿಂತಿದೆ, ಅಲ್ವಾ? ನಮ್ಮ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಅಪಘಾತ ನೋಡಿದವರು ಗಾಬರಿಯಲ್ಲಿ "ಹಿರಿಯೂರು ದಾಟಿ, ಒಂದು ಡಾಬಾ ಹತ್ರ" ಅಂತಾರೆ. ಚಿತ್ರದುರ್ಗದ ತನಕ ಎಷ್ಟು ಡಾಬಾಗಳಿಲ್ಲ! ಮಧ್ಯೆ ಡಿವೈಡರ್ ಬೇರೆ. ಎದುರಿನ ರಸ್ತೆಗೆ ಬಂದ ಆಂಬ್ಯುಲೆನ್ಸ್‌ಗೆ ರೋಗಿ ಕಣ್ಣೆದುರೇ ಇದ್ದರೂ ತಿರುವು ಸಿಗುವ ತನಕ ಮುಂದೆ ಹೋಗಲೇಬೇಕು. ಹಾಗಾಗಿ ಫೋನ್ ಮಾಡುವಾಗ ಎರಡು ವಿಷಯ ಹೇಳಿ: ಹತ್ತಿರದ ಕಿಲೋಮೀಟರ್ ಕಲ್ಲಿನ ಮೇಲಿನ ಸಂಖ್ಯೆ, ಮತ್ತು ಬಿದ್ದವರು ಬೆಂಗಳೂರಿಗೆ ಹೋಗುವ ಕಡೆ ಇದ್ದಾರೋ, ಹುಬ್ಬಳ್ಳಿಗೆ ಹೋಗುವ ಕಡೆಯೋ.