ಮೆಷೀನೇ ಡಿಎನ್‌ಎ ಓದ್ತದಲ್ಲ, ಮತ್ತೆ ಕಂಪ್ಯೂಟರಿನವರಿಗೆ ಎಂತ ಕೆಲಸ?

ಮಗಳಿಗೆ ಪೆರಿಯದ ಸೆಂಟ್ರಲ್ ಯೂನಿವರ್ಸಿಟಿಯಲ್ಲೋ ಮಂಗಳೂರಲ್ಲೋ ಸೀಟು ನೋಡ್ತಿರುವ ಅಪ್ಪ ಅಮ್ಮ ಬಯೋಇನ್ಫಾರ್ಮ್ಯಾಟಿಕ್ಸ್ (ಡಿಎನ್‌ಎಯಂಥ ಜೀವಿಗಳ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಬಿಡಿಸುವ ವಿಷಯ) ಅನ್ನುವ ಹೆಸರು ಕಂಡ ಕೂಡ್ಲೆ ಕೇಳುವ ಪ್ರಶ್ನೆ ಇದು. ಉತ್ತರ ಹೇಳಿ ಹೇಳಿ ಸಾಕಾಗಿದೆ, ಆದ್ರೂ ಒಳ್ಳೆ ಪ್ರಶ್ನೆಯೇ, ಹಾಗಾಗಿ ಈ ಸಲ ಬಿಡಿಸಿ ಬರೀತೇನೆ.

ಮೆಷೀನು ಜಿನೋಮನ್ನು, ಅಂದ್ರೆ ಒಂದು ಜೀವಿಯ ಪೂರ್ತಿ ಡಿಎನ್‌ಎಯನ್ನು, ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಸಲೀಸಾಗಿ ಓದ್ತದೆ, ಕೊನೆಗೆ ಪ್ರಿಂಟ್ ಬರ್ತದೆ, ಇದೊಂದು ನಂಬಿಕೆ ಎಲ್ಲಿಂದ ಬಂತೋ, ಕಾಲೇಜು ಮಕ್ಕಳಲ್ಲೂ ಉಂಟು. ದಯವಿಟ್ಟು ಬಿಡಿ ಅದನ್ನು. ಹೆಚ್ಚಿನ ಕಡೆ ಬಳಸುವ ಮೆಷೀನು ಒಂದು ಸಲಕ್ಕೆ ಓದುವುದು ಸುಮಾರು 150 ಅಕ್ಷರ, ಅಷ್ಟೇ (ಡಿಎನ್‌ಎಯಲ್ಲಿ ಸಾಲಾಗಿ ಬರುವ A, C, G, T ಎಂಬ ನಾಲ್ಕು ಘಟಕಗಳನ್ನೇ ಅಕ್ಷರ ಅನ್ನುವುದು). ನಮ್ಮ ತೆಂಗನ್ನೇ ತಗೊಳ್ಳಿ, ಅದರ ಜಿನೋಮಿನಲ್ಲಿ ಹತ್ತಿರ ಹತ್ತಿರ 240 ಕೋಟಿ ಅಕ್ಷರ. ತಪ್ಪು ಓದಿದ್ದು ಗೊತ್ತಾಗ್ಬೇಕಾದ್ರೆ ಒಂದೊಂದು ಜಾಗವನ್ನೂ ಮೂವತ್ತು ಸಲವಾದ್ರೂ ಓದ್ಬೇಕು ಅಂತ ಇಟ್ಕೊಳ್ಳಿ, ಆಗ ಕೈಗೆ ಬರುವುದು 48 ಕೋಟಿ ಚೂರು, ಯಾವ ಚೂರು ಎಲ್ಲಿಯದು ಅಂತ ಅದರ ಮೇಲೆ ಬರೆದಿರುವುದಿಲ್ಲ.

ಕುಂಬಳೆ ಕಡೆಯವರಿಗೆ ಯಕ್ಷಗಾನದ ಲೆಕ್ಕದಲ್ಲೇ ಹೇಳ್ತೇನೆ. ಒಂದೇ ಪ್ರಸಂಗದ ಮೂವತ್ತು ಕೈಬರಹದ ಪ್ರತಿ, ಎಲ್ಲವನ್ನೂ ಗೆದ್ದಲು ತಿಂದು ಉಳಿದದ್ದು ಬರೀ ತುಂಡುಗಳು. ಒಂದರ ಬಾಲ ಇನ್ನೊಂದರ ತಲೆಗೆ ಹೊಂದ್ತದಾ ನೋಡಿ ನೋಡಿ ಪದ್ಯ ಕಟ್ಟಬೇಕು. ಆಗ್ತದೆ, ಆದ್ರೆ "ಕೇಳು ಭೂಪ" ಅನ್ನುವ ತುಂಡು ಸಿಕ್ಕಿದ್ರೆ ಎಲ್ಲಿಗೆ ಅಂಟಿಸ್ತೀರಿ, ಅದು ನೂರು ಕಡೆ ಬರ್ತದಲ್ಲ? ತೆಂಗಿನ ಜಿನೋಮಿನಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಭಾಗ ಇಂಥ ಪುನರಾವರ್ತನೆಯೇ. ಕಂಪ್ಯೂಟರಿನವರ ನಿದ್ದೆ ಕೆಡಿಸುವುದು ಇದು.

ಇನ್ನೂ ನಂಬಿಕೆ ಬಾರದಿದ್ರೆ ಮನುಷ್ಯನ ಜಿನೋಮ್ ನೋಡಿ. 2003ರಲ್ಲಿ ಮುಗೀತು ಅಂತ ಘೋಷಣೆ ಆಯ್ತು. ಆದ್ರೆ ಸುಮಾರು 8% ಬಾಕಿ ಇತ್ತು, ಅದರಲ್ಲಿ ಬಹುಪಾಲು ಈ ಪುನರಾವರ್ತನೆಯ ಜಾಗಗಳೇ. ಸಾವಿರಗಟ್ಟಲೆ ಅಕ್ಷರ ಒಟ್ಟಿಗೆ ಓದುವ ಹೊಸ ಮೆಷೀನು ಬಂದು, ಅದಕ್ಕೆ ತಕ್ಕ ಪ್ರೋಗ್ರಾಮ್ ಬರೆದು, ಪೂರ್ತಿ ಆದದ್ದು 2022ರಲ್ಲಿ. ಜೋಡಿಸಿ ಆದ್ಮೇಲೆ ಜೀನ್ (ಒಂದು ಕೆಲಸದ ಸೂಚನೆ ಇರುವ ಡಿಎನ್‌ಎ ಭಾಗ) ಎಲ್ಲಿ ಶುರು ಎಲ್ಲಿ ಮುಗಿಯುವುದು ಅಂತ ಹುಡುಕುವುದು, ತೆಂಗಿನ ಎತ್ತರದ ತಳಿಗೂ ಗಿಡ್ಡ ತಳಿಗೂ ಎಂತ ವ್ಯತ್ಯಾಸ ಅಂತ ಹೋಲಿಸುವುದು, ಅದೆಲ್ಲ ಬೇರೆ ಕೆಲಸ, ಅದೂ ಕಂಪ್ಯೂಟರಿನಲ್ಲೇ.

ಪುನರಾವರ್ತನೆ ಅಂದಾಗ ನೆನಪಾಯ್ತು, ಇದನ್ನು ಯಾರೂ ಕೇಳುವುದಿಲ್ಲ, ಕೇಳ್ಬೇಕಿತ್ತು. ನಾವು ಗಂಜಿ ಜೊತೆ ನೀರುಳ್ಳಿ ಕಚ್ತೇವಲ್ಲ, ಅಕ್ಕಿಯ ಜಿನೋಮ್ ಸುಮಾರು 39 ಕೋಟಿ ಅಕ್ಷರ, ನೀರುಳ್ಳಿಯದ್ದು 1600 ಕೋಟಿಯ ಹತ್ತಿರ, ಅಂದ್ರೆ ಮನುಷ್ಯನದ್ದಕ್ಕಿಂತ ಐದು ಪಟ್ಟು! ನೀರುಳ್ಳಿಗೆ ಅಷ್ಟು ಯಾಕೆ ಬೇಕು? ಬೇಕಾಗಿ ಬಂದದ್ದಲ್ಲ, ತನ್ನ ಪ್ರತಿ ತಾನೇ ಮಾಡಿಕೊಂಡು ಜಿನೋಮಿನಲ್ಲಿ ಅಲ್ಲಲ್ಲಿ ಹೋಗಿ ಕೂರುವ ಡಿಎನ್‌ಎ ತುಂಡುಗಳು ಲಕ್ಷಾಂತರ ವರ್ಷದಲ್ಲಿ ತುಂಬಿಕೊಂಡದ್ದು. ಹೀಗೆ ಜಾಗ ಬದಲಿಸುವ ತುಂಡುಗಳು ಉಂಟು ಅಂತ ಮೊದಲು ಕಂಡುಹಿಡಿದದ್ದು ಅಮೆರಿಕದ ವಿಜ್ಞಾನಿ ಬಾರ್ಬರಾ ಮೆಕ್‌ಕ್ಲಿಂಟಾಕ್, 1940ರ ದಶಕದಲ್ಲಿ. ಡಿಎನ್‌ಎ ಓದುವ ಮೆಷೀನು ಆಗ ಎಲ್ಲಿತ್ತು, ಜೋಳದ ಕಾಳಿನ ಬಣ್ಣದ ಚುಕ್ಕೆ ನೋಡಿ, ಮೈಕ್ರೋಸ್ಕೋಪಿನಲ್ಲಿ ಕ್ರೋಮೋಸೋಮ್ (ಡಿಎನ್‌ಎ ಸುತ್ತಿಕೊಂಡಿರುವ ಎಳೆ) ನೋಡಿ ಹೇಳಿದ್ರು ಆ ಮಹಾತಾಯಿ. ನೊಬೆಲ್ ಸಿಕ್ಕಿದ್ದು 1983ರಲ್ಲಿ, ಆಗ ಅವರಿಗೆ 81 ವರ್ಷ.